ಹೊಗೆಗೆ ಒಂದು ಮೊಳ ಜಾಗ

ಕಾರ್ಕಳದ ಆ ಗೇರುಬೀಜದ ಕಾರ್ಖಾನೆಯ ಆಫೀಸಿನಲ್ಲಿ ನಾವು ನಾಲ್ಕು ಜನ ಕೂತಿದ್ದೆವು. ಕಾರ್ಖಾನೆಯ ಧಣಿ, ಅವರು ಗೊತ್ತುಮಾಡಿದ್ದ ಇಂಜಿನಿಯರ್, ನಮ್ಮ ವರ್ಕ್‌ಶಾಪಿನ ಮೇಸ್ತ್ರಿ ಮತ್ತು ನಾನು. ಕೆಲಸದ ಗುತ್ತಿಗೆ ನನ್ನ ಹೆಸರಿನಲ್ಲಿತ್ತು. ಮೇಜಿನ ಮೇಲಿದ್ದ ಕಾಗದದಲ್ಲಿ ನನ್ನ ಹೆಸರು ಟೈಪಾಗಿತ್ತು. ಆದರೂ ಒಂದು ಗಂಟೆ ಹೊತ್ತು ಅವರಿಬ್ಬರೂ ಮೇಸ್ತ್ರಿಯ ಮುಖ ನೋಡಿಕೊಂಡೇ ಮಾತಾಡಿದರು. ನನ್ನ ಕಡೆ ತಿರುಗಿದ್ದು ಒಂದೇ ಸಲ, "ಅಮ್ಮನಿಗೆ ಚಾ ಆಗಬಹುದಾ, ಕಾಫಿಯಾ?" ಎಂದು ಕೇಳಲಿಕ್ಕೆ.

ಮಕ್ಕಳೇ, ಆಗ ನಿಮ್ಮ ಅಜ್ಜ ತೀರಿಹೋಗಿ ಒಂದು ವರ್ಷ ಕಳೆದಿತ್ತು. ಉಡುಪಿ ಬೇರೆ ಜಿಲ್ಲೆಯಾದ ಹೊಸತು. ಮಣಿಪಾಲದ ಕೈಗಾರಿಕಾ ಪ್ರದೇಶದಲ್ಲಿದ್ದ ನಮ್ಮ ತಗಡಿನ ವರ್ಕ್‌ಶಾಪನ್ನು ಮುಚ್ಚಿಬಿಡು ಎಂದು ನೆಂಟರೆಲ್ಲ ಹೇಳಿದ್ದರು. ನಾನು ಓದಿದ್ದು ಅಲೆವೂರಿನ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಹೊರಗಿನ ಗಂಡಸರ ಎದುರು ನನಗೆ ಬಾಯಿ ಬರುತ್ತಿರಲಿಲ್ಲ. ಆದರೆ ಅಜ್ಜ ತಂದ ಡ್ರಾಯಿಂಗುಗಳನ್ನು ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಿಜವಾದ ಅಳತೆಗೆ ಬಿಡಿಸುತ್ತಿದ್ದವಳು ನಾನೇ. ಕೊಳವೆ ಎಲ್ಲಿ ಬಗ್ಗುತ್ತದೆ, ತಗಡನ್ನು ಎಲ್ಲಿ ಕತ್ತರಿಸಬೇಕು, ಮಡಚಲು ಎಷ್ಟು ಬಿಡಬೇಕು ಎಂಬುದು ನನ್ನ ಕೈಗೆ ಗೊತ್ತಿತ್ತು. ನನಗೆ ಬೇರೆ ಯಾವ ಕೆಲಸವೂ ಅಷ್ಟು ಚೆನ್ನಾಗಿ ಗೊತ್ತಿರಲಿಲ್ಲ. ಹಾಗಾಗಿ ಮುಚ್ಚಲಿಲ್ಲ.

ಧಣಿಗೆ ಮಾಲಿನ್ಯದ ಆಫೀಸಿನಿಂದ ನೋಟೀಸು ಬಂದಿತ್ತು. ಬೀಜ ಹುರಿಯುವ ಹೊಗೆಯನ್ನು ಮೂರು ತಿಂಗಳೊಳಗೆ ಹಿಡಿತಕ್ಕೆ ತರಬೇಕು, ಇಲ್ಲದಿದ್ದರೆ ಕರೆಂಟು ತೆಗೆಯುತ್ತೇವೆ ಎಂದು. ಕರೆಂಟು ಹೋದರೆ ಕಾರ್ಖಾನೆ ಮುಚ್ಚುತ್ತದೆ. ಅಲ್ಲಿ ಬೀಜ ಒಡೆಯಲು ಸುತ್ತಲಿನ ಹಳ್ಳಿಗಳಿಂದ ನೂರಾರು ಹೆಂಗಸರು ಬರುತ್ತಿದ್ದರು. ಅವರು ಕೂರುವ ಶೆಡ್ಡು ಹುರಿಯುವ ಮನೆಗೆ ತಾಗಿಕೊಂಡೇ ಇತ್ತು. ಮಧ್ಯಾಹ್ನ ಪಡುವಣ ಗಾಳಿ ಎದ್ದ ಮೇಲೆ ಹುರಿಯುವ ಹೊಗೆಯೆಲ್ಲ ನೇರ ಅವರ ಮೇಲೆ. ಗೇರುಬೀಜದ ಸಿಪ್ಪೆಯ ಎಣ್ಣೆ ಸುಟ್ಟ ಹೊಗೆ ಅಡುಗೆಮನೆಯ ಹೊಗೆಯಂತಲ್ಲ. ಕಣ್ಣಿಗೆ ಖಾರ ಹಾಕಿದಂತೆ ಉರಿಯುತ್ತದೆ, ಗಂಟಲು ಕಟ್ಟುತ್ತದೆ, ಸೀರೆಗೆ ಹಿಡಿದ ವಾಸನೆ ಎರಡು ನೀರಿಗೂ ಹೋಗುವುದಿಲ್ಲ. ಹೊಗೆ ನಿಲ್ಲಬೇಕು, ಕಾರ್ಖಾನೆ ನಿಲ್ಲಬಾರದು. ನಾನು ಒಪ್ಪಿಕೊಂಡ ಕೆಲಸ ಅಷ್ಟೇ.

ಇಂಜಿನಿಯರರ ಡ್ರಾಯಿಂಗಿನಲ್ಲಿ ಐದು ಭಾಗಗಳಿದ್ದವು. ಹುರಿಯುವ ಡ್ರಮ್ಮಿನ ಬಾಯಿಯ ಮೇಲೆ ಕವುಚಿದ ದೊಡ್ಡ ತಗಡಿನ ಟೊಪ್ಪಿ. ಅದಕ್ಕೆ ಹುಡ್ ಎನ್ನುತ್ತಾರೆ. ಅಲ್ಲಿಂದ ಹೊಗೆಯನ್ನು ಒಯ್ಯುವ ಕೊಳವೆ. ಕೊಳವೆಯ ತುದಿಗೆ, ಮೇಲಿನಿಂದ ನೀರು ಚಿಮುಕಿಸಿ ಹೊಗೆಯನ್ನು ತೊಳೆಯುವ ಗೋಪುರ. ಗೋಪುರದಾಚೆ ಹೊಗೆಯನ್ನು ಎಳೆಯುವ ಫ್ಯಾನು. ಕೊನೆಗೆ ಎತ್ತರದ ಚಿಮಣಿ.

ಮನೆಗೆ ಬಂದವಳು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಕೆಲಸವನ್ನು ಕೊನೆಯ ದಿನದಿಂದ ಹಿಂದಕ್ಕೆ ಬರೆಯುತ್ತ ಬಂದೆ. ನಿಮ್ಮ ಅಜ್ಜನ ಕ್ರಮ ಅದು. ಮಾಲಿನ್ಯದ ಆಫೀಸಿನವರು ನೋಡಲು ಬರುವ ಮೊದಲು ಎರಡು ವಾರ ಯಂತ್ರ ಓಡಿರಬೇಕು. ಹುಡ್ ಕೂರಿಸಬೇಕಾದರೆ ಡ್ರಮ್ಮು ತಣ್ಣಗಿರಬೇಕು. ಧಣಿ ಹುರಿಯುವುದನ್ನು ನಿಲ್ಲಿಸಲು ಒಪ್ಪಿದ್ದು ದೀಪಾವಳಿಯ ಮೂರು ದಿನ ಮಾತ್ರ. ಫ್ಯಾನು ಹೊರ ರಾಜ್ಯದಿಂದ ಬರಬೇಕು, ಅದಕ್ಕೆ ಐದು ವಾರ. ಫ್ಯಾನಿನ ಕೆಳಗಿನ ಕಾಂಕ್ರೀಟು ಗಟ್ಟಿಯಾಗಲು ಮೂರು ವಾರ ನೀರು ಹಾಕಬೇಕು. ಗೋಪುರದ ಕಪ್ಪು ನೀರು ಪಕ್ಕದ ತೋಡಿಗೆ ಹೋಗದಂತೆ ಮೂರು ಹೊಂಡ ಕಟ್ಟಬೇಕು. ಬರೆದು ನೋಡಿದಾಗ ನಡುವೆ ಉಳಿದದ್ದು ನಾಲ್ಕು ದಿನ. ಯಾವುದು ಎಡವಿದರೂ ಆ ನಾಲ್ಕು ದಿನದಲ್ಲೇ ಎದ್ದು ನಿಲ್ಲಬೇಕು.

ಮರುವಾರ ಅಳತೆಗೆ ಹೋದೆ. ಬೆಳಿಗ್ಗೆಯಿಂದ ಸಂಜೆಯ ತನಕ ಖಾಲಿ ಗೋಣಿಚೀಲಗಳ ರಾಶಿಯ ಮೇಲೆ ಕೂತು ನೋಡಿದೆ. ಓರೆಯಾಗಿಟ್ಟ ಕಬ್ಬಿಣದ ಡ್ರಮ್ಮು ತಿರುಗುತ್ತಿತ್ತು. ಮೇಲಿನ ತುದಿಯಿಂದ ಹಸಿ ಬೀಜ ಹಾಕುತ್ತಾರೆ, ಕೆಳಗಿನ ಬಾಯಿಯಿಂದ ಹುರಿದ ಬೀಜ ಬೆಂಕಿ ಹೊತ್ತಿಕೊಂಡೇ ಬೀಳುತ್ತದೆ. ಬಾಯಿಯ ಬಳಿ ಬೀಜ ಹುರಿಯುವ ಅಣ್ಣ ನಿಂತಿದ್ದರು. ಕಾಪುವಿನವರು, ಅರವತ್ತರ ಹತ್ತಿರದ ಪ್ರಾಯ, ತಲೆ ಮುಖಕ್ಕೆಲ್ಲ ಬೈರಾಸು ಸುತ್ತಿಕೊಂಡು ಕಣ್ಣು ಮಾತ್ರ ಹೊರಗೆ. ಬಗ್ಗಿ ಹೊಗೆಯೊಳಗೆ ನೋಡುತ್ತಿದ್ದರು, ಕೈ ಎತ್ತುತ್ತಿದ್ದರು. ಅವರು ಕೈ ಎತ್ತಿದರೆ ಮೇಲಿನವನು ಬೀಜ ಹಾಕುವುದನ್ನು ಕಡಿಮೆ ಮಾಡುತ್ತಿದ್ದ. ಪಾಪ, ಈ ಮನುಷ್ಯನನ್ನು ಹೊಗೆಯಿಂದ ಬಿಡಿಸಬೇಕು ಎಂದುಕೊಂಡೆ. ಡ್ರಮ್ಮಿನ ಅಗಲ ಅಳೆದೆ, ಗೋಡೆಯ ಎತ್ತರ ಅಳೆದೆ, ನೆಲದ ಇಳಿಜಾರು ಅಳೆದೆ. ಅವರೊಂದಿಗೆ ಒಂದು ಮಾತೂ ಆಡದೆ ಸಂಜೆಯ ಬಸ್ಸು ಹಿಡಿದೆ. ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇರೆಯವರ ಮೇಲೆ ನಾನು ತುಂಬ ಸಿಟ್ಟಾಗುತ್ತೇನೆ, ಆದರೆ ಮೊದಲ ತಪ್ಪು ನನ್ನದೇ.

ಎರಡನೆಯ ತಪ್ಪಿಗೆ ಮಾತ್ರ ನಾನು ಜವಾಬ್ದಾರಳಲ್ಲ. ಫ್ಯಾನಿಗೆ ಆರ್ಡರು ಬರೆಯುವಾಗ ಇಂಜಿನಿಯರು ಅದು ಯಾವ ಕಡೆಗೆ ತಿರುಗಬೇಕೆಂದು ಮಾತ್ರ ಬರೆದಿದ್ದರು, ಯಾವ ಬದಿಯಿಂದ ನೋಡಿದಾಗ ಎಂದು ಬರೆದಿರಲಿಲ್ಲ. ನಾನು ಧೈರ್ಯ ಮಾಡಿ ಕೇಳಿದೆ, "ಮೋಟರಿನ ಬದಿಯಿಂದ ನೋಡಿದರಾ ಸರ್, ಈಚೆಯಿಂದಲಾ?"

ಅವರು ಮೇಸ್ತ್ರಿಯ ಕಡೆ ನೋಡಿ ನಕ್ಕರು. "ಅಮ್ಮಾ, ಇದೆಂತ ನಿಮ್ಮ ಮನೆಯ ಟೇಬಲ್ ಫ್ಯಾನಾ? ಕಂಪೆನಿಯವರಿಗೆ ಗೊತ್ತುಂಟು."

ಫ್ಯಾನು ದೀಪಾವಳಿಗೆ ಆರು ದಿನ ಇರುವಾಗ ಬಂತು. ಲಾರಿಯಿಂದ ಇಳಿಸಿ ನೋಡಿದರೆ ಅದರ ಬಾಯಿ ಎಡಕ್ಕಿರಬೇಕಾದಲ್ಲಿ ಬಲಕ್ಕಿತ್ತು. ಚಿಮಣಿ ಎಡಗಡೆ ಎದ್ದು ನಿಂತಾಗಿತ್ತು. ಇಂಜಿನಿಯರಿಗೆ ಫೋನು ಮಾಡಿದರೆ, "ಸೈಟಿನಲ್ಲಿ ಅಡ್ಜಸ್ಟ್ ಮಾಡಿಕೊಳ್ಳಿ" ಎಂದರು. ಅಡ್ಜಸ್ಟ್ ಎಂದರೆ ಫ್ಯಾನನ್ನು ಸುತ್ತಿ ಬರುವ ಹೊಸದೊಂದು ಕೊಳವೆ, ಮೂರು ಬಾಗು. ನಾನು ಮಣಿಪಾಲಕ್ಕೆ ಹೋಗಿ ನೆಲದ ಮೇಲೆ ಗೆರೆ ಹಾಕಿದೆ, ಹುಡುಗರು ಹಗಲೆಲ್ಲ ಕತ್ತರಿಸಿದರು. ಕೈಯಲ್ಲಿದ್ದ ನಾಲ್ಕು ಹೆಚ್ಚಿನ ದಿನಗಳಲ್ಲಿ ಮೂರು ಅಲ್ಲೇ ಹೋಯಿತು. ತಾವು ಮಾಡಿದ ತಪ್ಪಿನ ಬಗ್ಗೆ ಆ ಮನುಷ್ಯ ಕೊನೆಯ ತನಕ ಒಂದು ಮಾತೂ ಹೇಳಲಿಲ್ಲ. ನನಗೆ ಇವತ್ತಿಗೂ ಸಿಟ್ಟಿರುವುದು ತಪ್ಪಿನ ಮೇಲಲ್ಲ, ಆ ನಗುವಿನ ಮೇಲೆ.

ದೀಪಾವಳಿಯ ಮೂರು ದಿನ ನಮ್ಮವರು ಯಾರೂ ಮನೆಗೆ ಹೋಗಲಿಲ್ಲ. ಬಾಗಲಕೋಟೆ ಕಡೆಯ ವೆಲ್ಡರ್ ಒಬ್ಬನಿದ್ದ. ಅವನು ಹುಡ್ಡಿನ ಮೇಲೆ ಕೂತು ಕೊನೆಯ ಬೆಸುಗೆ ಹಾಕಿ, "ಅಕ್ಕಾರ, ನಮ್ಮ ದೀಪಾವಳಿ ಇಲ್ಲೇ ಆತು ನೋಡ್ರೀ, ಕಿಡಿ ಭಾಳ ಹಾರಿಸೀವಿ" ಎಂದ.

ನಾಲ್ಕನೆಯ ದಿನ ಡ್ರಮ್ಮಿಗೆ ಬೆಂಕಿ ಹಾಕಿ ಫ್ಯಾನು ತಿರುಗಿಸಿದೆವು. ಡ್ರಮ್ಮಿನ ಬಾಯಿಯಿಂದ ಹೊರಟ ಹೊಗೆ ಹುರಿಯುವ ಮನೆಯೊಳಗೆ ಒಂದು ಎಳೆಯೂ ನಿಲ್ಲದೆ ಹುಡ್ಡಿನೊಳಗೆ ಹೋಯಿತು. ಶೆಡ್ಡಿನ ಹೆಂಗಸರು ಮರದ ಸುತ್ತಿಗೆ ಕೈಯಲ್ಲಿ ಹಿಡಿದೇ ನೋಡಲು ಬಂದರು. ಅವರಲ್ಲೊಬ್ಬರು, ದೊಡ್ಡ ಕುಂಕುಮ ಇಟ್ಟು ಸದಾ ಎಲೆಯಡಿಕೆ ಜಗಿಯುತ್ತಿದ್ದವರು, ಜೋರಾಗಿ ಹೇಳಿದರು: "ಇವತ್ತು ನನ್ನ ಗಂಡ ನನ್ನನ್ನು ಮನೆಯೊಳಗೆ ಸೇರಿಸಲಿಕ್ಕಿಲ್ಲ ಮಾರಾಯ್ತಿ. ವಾಸನೆ ಇಲ್ಲದಿದ್ದರೆ ಗುರುತು ಹಿಡಿಯುವುದು ಹೇಗೆ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಹುರಿಯುವ ಅಣ್ಣ ಮಾತ್ರ ನಗಲಿಲ್ಲ. ಬೈರಾಸನ್ನು ಹೆಗಲಿಗೆ ಹಾಕಿಕೊಂಡು ಹುಡ್ಡಿನ ತಗಡನ್ನು ನೋಡುತ್ತ ನಿಂತಿದ್ದರು.

ಮರುದಿನದಿಂದ ಬೀಜ ಹಾಳಾಗತೊಡಗಿತು. ಒಂದು ಹೊರೆ ಹಸಿ, ಮತ್ತೊಂದು ಹೊರೆ ಕರಿ. ಒಡೆದರೆ ತಿರುಳಿಗೆ ಕಂದು ಕಲೆ. ಧಣಿ ಮೂರು ಹೊತ್ತು ಫೋನು ಮಾಡಿ ಮೇಸ್ತ್ರಿಗೆ ಬೈದರು. ಐದನೆಯ ದಿನದಿಂದ ಬೀಜ ಸ್ವಲ್ಪ ಸರಿಯಾಯಿತು, ಆದರೆ ಹೊಗೆ ಮತ್ತೆ ಹೊರಗೆ ಬರಲು ಶುರುವಾಯಿತು. ಕೊಳವೆಯಲ್ಲಿ ಎಣ್ಣೆ ಕಟ್ಟಿರಬೇಕೆಂದು ನಾವು ಯೋಚಿಸಿದೆವು. ಏಳನೆಯ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಕೊಳವೆಗೆ ಬೆಂಕಿ ಹಿಡಿಯಿತು.

ನಾನು ಅಲ್ಲೇ ಇದ್ದೆ. ಕೊಳವೆ ಗುಡುಗಿದಂತೆ ಸದ್ದು ಮಾಡಿತು, ತಗಡು ಕೆಂಪಾಯಿತು. ವೆಲ್ಡರ್ ಓಡಿಹೋಗಿ ಫ್ಯಾನು ನಿಲ್ಲಿಸಿದ. ಶೆಡ್ಡಿನಿಂದ ಹೆಂಗಸರು ಕೂಗುತ್ತ ಅಂಗಳಕ್ಕೆ ಓಡಿದರು. ನೀರು ಹೊಡೆದು ಆರಿಸುವಾಗ ಒಂದು ಗಂಟೆಯಾಯಿತು. ಯಾರಿಗೂ ಏನೂ ಆಗಲಿಲ್ಲ. ತಣ್ಣಗಾದ ಮೇಲೆ ಹುಡ್ಡಿನ ಕುತ್ತಿಗೆಯೊಳಗೆ ಕೈ ಹಾಕಿದ ಮೇಸ್ತ್ರಿ ಅರ್ಧ ಸುಟ್ಟ ಗೋಣಿಚೀಲವೊಂದನ್ನು ಎಳೆದು ತೆಗೆದ.

ಚೀಲ ತುರುಕಿದ್ದು ಹುರಿಯುವ ಅಣ್ಣ. ಅವರು ಅಲ್ಲ ಎನ್ನಲಿಲ್ಲ. ಯಾಕೆಂದು ಕೇಳಿದರೆ ಬಾಯಿ ಬಿಡಲಿಲ್ಲ. ಧಣಿ ಎಲ್ಲರೆದುರು ಕೂಗಾಡಿದರು. "ಕುಡಿದು ಬಂದು ನನ್ನ ಫ್ಯಾಕ್ಟ್ರಿ ಸುಡುತ್ತೀಯಾ? ಹೋಗು, ಇನ್ನು ಗೇಟಿನೊಳಗೆ ಕಾಲಿಡಬೇಡ." ಆ ಮನುಷ್ಯ ಕುಡಿಯುವವರಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಒಬ್ಬರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅವರು ಬೈರಾಸು ಕೊಡವಿ ಹೊರಟುಹೋದರು.

ಮರುದಿನ ಆಫೀಸಿನಲ್ಲಿ ಇಂಜಿನಿಯರು ಒಂದು ಉಪಾಯ ಹೇಳಿದರು. ಹುಡ್ಡಿನ ಕುತ್ತಿಗೆಯ ಬಳಿ ಒಂದು ತಿರುಗುವ ಬಾಗಿಲು ಇಡುವುದು. ಹಿಡಿಕೆ ಒಂದು ಬದಿಗೆ ತಿರುಗಿಸಿದರೆ ಹೊಗೆ ಗೋಪುರಕ್ಕೆ ಹೋಗುತ್ತದೆ, ಇನ್ನೊಂದು ಬದಿಗೆ ತಿರುಗಿಸಿದರೆ ಮಾಡಿನ ಹಳೆಯ ಕಿಂಡಿಯಿಂದ ಹೊರಗೆ. "ಮಾಲಿನ್ಯದ ಆಫೀಸಿನವರು ಬರುವ ದಿನ ಗೋಪುರಕ್ಕೆ. ಉಳಿದ ದಿನ ನಿಮ್ಮ ಬೀಜಕ್ಕೆ ತೊಂದರೆ ಇಲ್ಲ, ಕರೆಂಟೂ ಉಳಿಯಿತು. ಅವರು ಬರುವುದು ವರ್ಷಕ್ಕೆ ಎಷ್ಟು ಸಲ, ಅಲ್ವಾ?"

ಹಳೆಯ ಕಿಂಡಿಯಿಂದ ಹೊರಟ ಹೊಗೆ ಎಲ್ಲಿಗೆ ಹೋಗುತ್ತದೆ? ನೇರ ಶೆಡ್ಡಿನೊಳಗೆ. ನನ್ನ ಕಿವಿ ಬಿಸಿಯಾಯಿತು. ಆದರೆ ತಲೆ ತಗ್ಗಿಸಿ ಕೂತೆ. ಮನೆಗೆ ಹೋಗಿ ಯೋಚಿಸಿ ಹೇಳಿದರಾಯಿತು ಎಂದುಕೊಂಡೆ. ನಾನು ಸುಮ್ಮನಿದ್ದುದನ್ನು ಅವರು ಒಪ್ಪಿಗೆ ಎಂದು ತಿಳಿದರು.

ಮೂರನೆಯ ದಿನ ಬೆಳಿಗ್ಗೆ ವರ್ಕ್‌ಶಾಪಿನ ಬಾಗಿಲು ತೆರೆದಾಗ ನೆಲದ ಮೇಲೆ ಆ ಬಾಗಿಲು ಸಿದ್ಧವಾಗಿ ಮಲಗಿತ್ತು. ದುಂಡಗೆ ಕತ್ತರಿಸಿ, ನಡುವೆ ಸರಳು ಕೂರಿಸಿ, ಉದ್ದ ಹಿಡಿಕೆ ಹಾಕಿ, ಹಿಡಿಕೆಗೆ ಕೆಂಪು ಬಣ್ಣ ಬೇರೆ. ನಾನು ಗೆರೆ ಹಾಕದ ತಗಡು ಆ ವರ್ಕ್‌ಶಾಪಿನಲ್ಲಿ ಅದುವರೆಗೆ ಕತ್ತರಿಸಿದ್ದಿಲ್ಲ.

"ಯಾರು ಹೇಳಿದ್ದು?" ಎಂದೆ.

ಮೇಸ್ತ್ರಿ ನನ್ನ ಮುಖ ನೋಡಲಿಲ್ಲ. "ಧಣಿಗಳು ಹೇಳಿದರು ಅತ್ತಿಗೆ. ಅರ್ಜೆಂಟ್ ಅಂತೆ." ಅವನು ನಿಮ್ಮ ಅಜ್ಜನನ್ನು ಅಣ್ಣ ಎನ್ನುತ್ತಿದ್ದ, ಹಾಗಾಗಿ ನಾನು ಅತ್ತಿಗೆ.

"ಈ ವರ್ಕ್‌ಶಾಪು ಧಣಿಗಳದ್ದಾ?"

"ನೀವು ಅಲ್ಲಿಯೇ ಕೂತಿದ್ದಿರಿ ಅತ್ತಿಗೆ. ನಿಮ್ಮೆದುರೇ ಮಾತಾದದ್ದು. ಬೇಡ ಅಂತ ಒಂದು ಮಾತು ಹೇಳಿದಿರಾ? ನಾನೆಂತ ನಿಮ್ಮ ಹೊಟ್ಟೆಯೊಳಗೆ ಹೊಕ್ಕು ನೋಡುವುದಾ?"

ಅವನು ಹೇಳಿದ್ದು ಸತ್ಯ. ಅದಕ್ಕೇ ನನ್ನ ಸಿಟ್ಟು ಇನ್ನೂ ಏರಿತು. ವೆಲ್ಡರನ್ನು ಕರೆದೆ. "ಗ್ಯಾಸ್ ಹಚ್ಚು. ಇದನ್ನು ಕತ್ತರಿಸಿ ಹಾಕು."

ಅವನು ಗಾಬರಿಯಾದ. "ಯಾಕ್ರೀ ಅಕ್ಕಾರ? ಹೊಸಾದೈತಲ್ರೀ. ನಿನ್ನೆ ಬಣ್ಣ ಹಚ್ಚೀವಿ."

"ಎಂಟು ತುಂಡು ಮಾಡು. ಮತ್ತೆ ಜೋಡಿಸಲಿಕ್ಕೆ ಬರಬಾರದು."

ಅವನು ಮೇಸ್ತ್ರಿಯ ಕಡೆ ನೋಡಿದ. "ನನ್ನನ್ನು ನೋಡು, ಅವನನ್ನಲ್ಲ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅವನು ಕನ್ನಡಕ ಹಾಕಿ ಗ್ಯಾಸು ಹಚ್ಚಿದ. ಎಂಟನೆಯ ತುಂಡು ಬೀಳುವ ತನಕ ನಾನು ಅಲ್ಲೇ ನಿಂತೆ. ಮೇಸ್ತ್ರಿ ಹೊರಗೆ ಹೋಗಿ ಬೀಡಿ ಹಚ್ಚಿದ.

ಅಲ್ಲಿಂದ ನೇರ ಬಸ್ಸು ಹತ್ತಿ ಕಾಪುವಿಗೆ ಹೋದೆ. ಪೇಟೆಯಲ್ಲಿ ಕೇಳಿಕೊಂಡು, ದೀಪಸ್ತಂಭದ ಕಡೆಯ ದಾರಿಯಲ್ಲಿ ಹುರಿಯುವ ಅಣ್ಣನ ಮನೆ ಹುಡುಕಿದೆ. ಅವರು ಅಂಗಳದಲ್ಲಿ ತೆಂಗಿನ ಗರಿ ಹೆಣೆಯುತ್ತಿದ್ದರು. ಬೈರಾಸು ಇಲ್ಲದ ಅವರ ಮುಖವನ್ನು ಹಗಲು ಬೆಳಕಿನಲ್ಲಿ ಹತ್ತಿರದಿಂದ ಆಗಲೇ ನೋಡಿದ್ದು. ವರ್ಷಗಟ್ಟಲೆ ಬೆಂಕಿಯ ಎದುರು ನಿಂತು ಹುಬ್ಬು ಅರ್ಧ ಸುಟ್ಟುಹೋಗಿತ್ತು.

"ನೀವು ಚೀಲ ತುರುಕಿದ್ದು ಯಾಕೆ ಅಣ್ಣ?" ಎಂದು ಕೇಳಿದೆ. ಬಸ್ಸಿನಲ್ಲಿ ಆ ಒಂದು ಮಾತನ್ನೇ ಉರುಹೊಡೆದುಕೊಂಡು ಬಂದಿದ್ದೆ.

ಅವರು ಗರಿ ಕೆಳಗಿಟ್ಟರು. "ಈಗ ಕೇಳಲಿಕ್ಕೆ ಬಂದಿರಾ? ಆ ದಿನ ನೀವು ಬೆಳಿಗ್ಗೆಯಿಂದ ಸಂಜೆವರೆಗೆ ಚೀಲದ ಮೇಲೆ ಕೂತಿದ್ದಿರಲ್ಲ ಅಮ್ಮ. ಡ್ರಮ್ ಅಳೆದಿರಿ, ಗೋಡೆ ಅಳೆದಿರಿ. ನನ್ನ ಹತ್ತಿರ ಎಂತಾದರೂ ಕೇಳಿದಿರಾ? ನಾನು ಗೋಡೆಗಿಂತ ಕಡೆಯಾದೆನಾ?"

ಒಳಗಿನಿಂದ ಅವರ ಹೆಂಡತಿ ಬೆಲ್ಲ, ನೀರು ತಂದಿಟ್ಟರು. ನಾನು ನೀರು ಕುಡಿದ ಮೇಲೆ ಅವರೇ ಹೇಳಿದರು.

"ಬೀಜ ಆಯಿತಾ ಇಲ್ಲವಾ ಅಂತ ನಾನು ನೋಡುವುದು ಹೊಗೆಯಲ್ಲಿ. ಮೊದಲು ಬಿಳಿ ಹೊಗೆ, ಅದು ಬೀಜದ ನೀರು. ಆಮೇಲೆ ಹಳದಿ. ಹಳದಿಯ ಬುಡದಲ್ಲಿ ಸಣ್ಣ ನೀಲಿ ಗೆರೆ ಬಂದರೆ ಬೀಜ ಆಯಿತು. ಆ ನೀಲಿ ಮೇಲೆ ಹತ್ತಿದರೆ ಕೆಟ್ಟಿತು. ನಲವತ್ತು ವರ್ಷ ಅದನ್ನೇ ನೋಡಿದ್ದೇನೆ. ಹಿಂದೆ ಡ್ರಮ್ಮಿನ ಆಚೆ ಬದಿ ತೆರೆದೇ ಇತ್ತು, ಆಕಾಶದ ಎದುರು ಗೆರೆ ಚಂದ ಕಾಣುತ್ತಿತ್ತು. ನೀವು ಬಾಯಿಗೇ ಕಪ್ಪು ತಗಡು ಮುಚ್ಚಿದಿರಿ. ಹೊಗೆ ಹುಟ್ಟುವ ಮೊದಲೇ ಎಳೆದುಕೊಂಡು ಹೋಗುತ್ತದೆ. ನಾನು ಕಣ್ಣು ಕಟ್ಟಿ ಹುರಿಯಬೇಕಾ? ಒದ್ದೆ ಚೀಲ ಇಟ್ಟರೆ ಹೊಗೆ ಸ್ವಲ್ಪ ನಿಲ್ಲುತ್ತಿತ್ತು. ಅದು ಒಣಗಿ ಎಣ್ಣೆ ಕುಡಿಯುತ್ತದೆ ಅಂತ ನನಗೆ ಹೊಳೆಯಲಿಲ್ಲ."

"ಇದನ್ನು ಧಣಿಗಳಿಗೆ ಹೇಳಬಹುದಿತ್ತಲ್ಲ?"

"ಕುಡುಕನ ಮಾತು ಯಾರು ಕೇಳುತ್ತಾರೆ?" ಎಂದು ನಕ್ಕರು. ಆ ನಗುವಿಗೆ ನನ್ನ ಕಣ್ಣು ತುಂಬಿತು.

ಆಮೇಲೆ ಇಬ್ಬರೂ ಅಂಗಳದ ಮಣ್ಣಿನಲ್ಲಿ ಕೂತೆವು. ಅವರು ತೆಂಗಿನ ಕಡ್ಡಿಯಲ್ಲಿ ಡ್ರಮ್ಮಿನ ಬಾಯಿ ಬರೆದರು, ನಾನು ಹುಡ್ ಬರೆದೆ. ಹೊಗೆ ಎಷ್ಟು ದೂರ ಕಂಡರೆ ಸಾಕು ಎಂದು ಕೇಳಿದೆ. ಅವರು ತಮ್ಮ ಮೊಣಕೈ ಊರಿ ಬೆರಳು ಚಾಚಿ ತೋರಿಸಿದರು. ಒಂದು ಮೊಳ. ಗಾಜು ಇಡಬಹುದಾ ಎಂದು ಕೇಳಿದೆ. "ಅರ್ಧ ಗಂಟೆಯಲ್ಲಿ ಕಪ್ಪಾಗುತ್ತದೆ ಅಮ್ಮ" ಎಂದರು. ಹುಡ್ಡನ್ನು ಒಂದು ಮೊಳ ಹಿಂದಕ್ಕೆ ಕತ್ತರಿಸಬೇಕು. ಆ ಬಿಟ್ಟ ಜಾಗದಲ್ಲಿ ಹೊಗೆ ಪಕ್ಕಕ್ಕೆ ಚೆದುರದಂತೆ ಎರಡೂ ಬದಿಗೆ ತಗಡಿನ ಕಿವಿ ಕಟ್ಟಬೇಕು. ಹಿಂದೆ ಆಕಾಶ ಇಲ್ಲದ್ದಕ್ಕೆ ಸುಣ್ಣ ಬಳಿದ ಒಂದು ಹಲಗೆ ನಿಲ್ಲಿಸಬೇಕು. ಫ್ಯಾನಿನ ಎಳೆತವನ್ನೂ ಸ್ವಲ್ಪ ತಗ್ಗಿಸಬೇಕು, ಬೆಂಕಿಯನ್ನೇ ಎಳೆದು ಬೀಜ ಕರಿಯಾಗುತ್ತಿದ್ದುದು ಅದರಿಂದ. ಇಂಜಿನಿಯರು ಎರಡು ತಿಂಗಳಲ್ಲಿ ಯೋಚಿಸದ್ದು ಅಂಗಳದ ಮಣ್ಣಿನಲ್ಲಿ ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಆ ಮುಕ್ಕಾಲು ಗಂಟೆ ಮೊದಲ ವಾರವೇ ಆಗಬಹುದಿತ್ತು. ನಾಚಿಕೆ ಎಂದು ನಾನು ಸಾಕಿಕೊಂಡು ಬಂದದ್ದರಿಂದ ಒಬ್ಬರ ಕೆಲಸ ಹೋಗಿತ್ತು.

ಧಣಿಯ ಎದುರು ಮಾತಾಡಲು ನನ್ನಿಂದಾಗದು ಎಂದು ಗೊತ್ತಿತ್ತು. ಹಾಗಾಗಿ ಬರೆದೆ. ಶಾಲೆಯ ದುಂಡು ಅಕ್ಷರದಲ್ಲಿ, ಒಂದೇ ಹಾಳೆ. ಕಳ್ಳಬಾಗಿಲನ್ನು ನಾನು ಮಾಡುವುದಿಲ್ಲ, ಮಾಡಿದ್ದನ್ನು ಕತ್ತರಿಸಿ ಹಾಕಿದ್ದೇನೆ. ಹುಡ್ಡನ್ನು ಹೀಗೆ ಬದಲಿಸಬೇಕು, ಹುರಿಯುವವರು ಎದುರು ನಿಂತು ಸರಿ ಎಂದರೆ ಮಾತ್ರ ಸರಿ. ಇದಕ್ಕೆ ಒಪ್ಪದಿದ್ದರೆ ಕೆಲಸ ಮುಗಿಯಿತೆಂದು ಮಾಲಿನ್ಯದ ಆಫೀಸಿಗೆ ಕೊಡುವ ಕಾಗದಕ್ಕೆ ನನ್ನ ಸಹಿ ಸಿಗುವುದಿಲ್ಲ. ಆ ಕಾಗದಕ್ಕೆ ಗುತ್ತಿಗೆಯವರ ಸಹಿ ಬೇಕೇ ಬೇಕಿತ್ತು. ಬೇರೆಯವರನ್ನು ಹುಡುಕಲು ದಿನ ಉಳಿದಿರಲಿಲ್ಲ.

ಧಣಿ ಎರಡು ಸಲ ಓದಿದರು. ಮುಖ ಕೆಂಪಾಯಿತು. "ನಿಮ್ಮ ಗಂಡ ಇದ್ದಿದ್ದರೆ ಹೀಗೆ ಮಾಡುತ್ತಿರಲಿಲ್ಲ."

"ಅವರು ಇದ್ದಿದ್ದರೆ ನೀವು ಕಳ್ಳಬಾಗಿಲು ಕೇಳುತ್ತಿರಲಿಲ್ಲ" ಎಂದೆ.

ಇದನ್ನು ನಾನು ಬರೆದುಕೊಂಡು ಹೋಗಿರಲಿಲ್ಲ. ಬಾಯಿಂದ ಬಂದುಬಿಟ್ಟಿತು. ಪಕ್ಕದಲ್ಲಿದ್ದ ಇಂಜಿನಿಯರು, "ಹುಡ್ ಕತ್ತರಿಸಿದರೆ ನನ್ನ ಜವಾಬ್ದಾರಿ ಇಲ್ಲ" ಎಂದು ಎದ್ದರು. ನಾನು ಕೂತೇ ಇದ್ದೆ. ಧಣಿ ಕಿಟಕಿಯ ಹೊರಗೆ ನೋಡಿದರು, ನೋಟೀಸಿನ ಕಾಗದ ನೋಡಿದರು. ಕೊನೆಗೆ, "ಒಂದು ದಿನ ಹುರಿಯುವುದು ನಿಲ್ಲಿಸುತ್ತೇನೆ. ಒಂದೇ ದಿನ" ಎಂದರು.

ಹುರಿಯುವ ಅಣ್ಣನನ್ನು ಕರೆತರಲು ಮೇಸ್ತ್ರಿಯೇ ಕಾಪುವಿಗೆ ಹೋದ. ನಾನು ಹೇಳಿರಲಿಲ್ಲ. ಗೇಟಿನಲ್ಲಿ ವಾಚ್‌ಮನ್ ತಡೆದಾಗ, "ಇವರು ಇವತ್ತು ನಮ್ಮ ಇಂಜಿನಿಯರು ಮಾರಾಯ, ಬಿಡು" ಎಂದನಂತೆ.

ಆ ದಿನ ಹುಡ್ಡನ್ನು ಮೂರು ಸಲ ಕತ್ತರಿಸಿದೆವು. ಮೊದಲ ಸಲ ಕತ್ತರಿಸಿದ್ದು ಕಡಿಮೆಯಾಯಿತು. ಎರಡನೆಯ ಸಲ ಬದಿಯ ಕಿವಿಗಳು ಓರೆಯಾದವು. ಬೆಂಕಿ ಹಾಕುವ ಮೊದಲು ಎಳೆತ ನೋಡಲು ಮೇಸ್ತ್ರಿ ಬೀಡಿ ಹಚ್ಚಿ ಡ್ರಮ್ಮಿನ ಬಾಯಿಯ ಸುತ್ತ ಹೊಗೆ ಬಿಡುತ್ತ ಹೋದ. ಎಡಗಡೆಯ ಕೆಳಮೂಲೆಯಲ್ಲಿ ಹೊಗೆ ಹೊರಗೆ ಸೋರಿತು. ಅಲ್ಲಿಗೆ ಇನ್ನೊಂದು ಗೇಣು ತಗಡು ಹಾಕಿದೆವು. ಫ್ಯಾನಿನ ರಾಟೆ ಬದಲಿಸಿ ವೇಗ ತಗ್ಗಿಸಿದೆವು. ಎಂಟು ಬೀಡಿ ಸೇದಿದ ಮೇಸ್ತ್ರಿ, "ಅತ್ತಿಗೆ, ಮಾಲಿನ್ಯದ ಆಫೀಸಿನವರು ಮೊದಲು ನನ್ನನ್ನು ಬಂದ್ ಮಾಡುತ್ತಾರೆ" ಎಂದು ಕೆಮ್ಮಿದ. ಅವನ ಮೇಲಿನ ನನ್ನ ಸಿಟ್ಟು ಅಲ್ಲಿಗೆ ಇಳಿಯಿತು.

ಸಂಜೆ ನಾಲ್ಕಕ್ಕೆ ಡ್ರಮ್ಮಿಗೆ ಬೆಂಕಿ ಹಾಕಿದೆವು. ಹೊಗೆ ಡ್ರಮ್ಮಿನ ಬಾಯಿಯಿಂದ ಎದ್ದು, ಸುಣ್ಣದ ಹಲಗೆಯ ಎದುರು ಒಂದು ಮೊಳ ಏರಿ, ಅಲ್ಲಿಂದ ಬಾಗಿ ಹುಡ್ಡಿನೊಳಗೆ ಹೋಯಿತು. ಹುರಿಯುವ ಅಣ್ಣ ಬೈರಾಸು ಸುತ್ತದೆ ನಿಂತಿದ್ದರು. ಬಿಳಿ. ಹಳದಿ. ನನಗೆ ನೀಲಿ ಗೆರೆ ಕಾಣಲಿಲ್ಲ. ಅವರಿಗೆ ಕಂಡಿತು, ಕೈ ಎತ್ತಿದರು. ಬಿದ್ದ ಬೀಜವನ್ನು ತಣಿಸಿ ಒಡೆದರೆ ತಿರುಳು ಕಲೆಯಿಲ್ಲದೆ ಬಂತು. ಧಣಿ ಅದನ್ನು ಬಾಯಿಗೆ ಹಾಕಿಕೊಂಡು ಆಫೀಸಿಗೆ ಹೋದರು. ಹುರಿಯುವ ಅಣ್ಣ ಮರುದಿನದಿಂದ ಕೆಲಸಕ್ಕೆ ಬಂದರು. ಕುಡುಕ ಎಂದದ್ದಕ್ಕೆ ಯಾರೂ ಅವರ ಕ್ಷಮೆ ಕೇಳಲಿಲ್ಲ.

ಹತ್ತು ದಿನದ ಮೇಲೆ ಮಾಲಿನ್ಯದ ಆಫೀಸಿನಿಂದ ಒಬ್ಬ ಅಧಿಕಾರಿ ಬಂದರು. ಸಾವಧಾನದ ಮನುಷ್ಯ, ಏಣಿ ಹತ್ತಿ ಚಿಮಣಿಯ ಬಳಿ ತಾವೇ ನಿಂತು ಹೊಗೆಯ ಅಳತೆ ಮಾಡಿಸಿದರು. ಎಲ್ಲ ಸರಿ ಇತ್ತು. ಡ್ರಮ್ಮಿನ ಬಳಿ ನಿಂತು, "ಇಲ್ಲಿ ಜಾಗ ಬಿಟ್ಟದ್ದು ಯಾಕೆ?" ಎಂದು ಕೇಳಿದರು. ಜವಾಬ್ದಾರಿ ಇಲ್ಲ ಎಂದು ಎದ್ದುಹೋಗಿದ್ದ ಇಂಜಿನಿಯರು ಅಂದು ಇಸ್ತ್ರಿ ಅಂಗಿ ಹಾಕಿ ಬಂದಿದ್ದರು. "ಅದು ನನ್ನ ಡಿಸೈನ್ ಸರ್. ಹುರಿಯುವವರಿಗೆ ಹೊಗೆ ಕಾಣಬೇಕಲ್ಲ" ಎಂದರು. ಹುರಿಯುವ ಅಣ್ಣ ನನ್ನ ಕಡೆ ನೋಡಿದರು. ನಾನು ಹಲ್ಲು ಕಚ್ಚಿ ಸುಮ್ಮನಾದೆ. ಕಾರ್ಖಾನೆ ಉಳಿಯಿತು, ಶೆಡ್ಡಿನ ಗಾಳಿ ಉಳಿಯಿತು, ಅಷ್ಟು ಸಾಕು ಎಂದುಕೊಂಡೆ. ಆ ದಿನ ಸುಮ್ಮನಾದದ್ದಕ್ಕೆ ಈಗಲೂ ನನ್ನ ಮೇಲೆ ನನಗೆ ಸಿಟ್ಟಿದೆ.

ಕೆಲಸ ಮುಗಿದು ಎರಡು ತಿಂಗಳಾದ ಮೇಲೆ ಬೈಲೂರಿನ ಕಡೆ ಬೇರೊಂದು ಕೆಲಸ ನೋಡಲು ಹೋದವಳು ಹೇಳದೆ ಕೇಳದೆ ಕಾರ್ಕಳಕ್ಕೆ ಹೋದೆ. ಮಧ್ಯಾಹ್ನ ಎರಡು ಗಂಟೆ. ಗೇಟಿನಿಂದಲೇ ಗೊತ್ತಾಯಿತು. ಡ್ರಮ್ಮು ತಿರುಗುವ ಸದ್ದಿತ್ತು, ಫ್ಯಾನಿನ ಸದ್ದಿರಲಿಲ್ಲ. ಮಾಡಿನ ಸಂದುಗಳಿಂದ ಹೊಗೆ ಬರುತ್ತಿತ್ತು. ಕರೆಂಟು ಉಳಿಸಲು ಸ್ವಿಚ್ಚು ಆರಿಸಿದ್ದರು. ಕಳ್ಳಬಾಗಿಲೇ ಬೇಕಿರಲಿಲ್ಲ. ಒಂದು ಬೆರಳು ಸಾಕಾಗಿತ್ತು.

ಆಫೀಸಿನ ಕಡೆ ಬಿರುಸಾಗಿ ನಡೆದೆ. ಶೆಡ್ಡಿನ ಮೂಲೆ ತಿರುಗಿದಾಗ ನಿಂತುಬಿಟ್ಟೆ. ಶೆಡ್ಡು ಖಾಲಿ ಇತ್ತು. ಹೆಂಗಸರೆಲ್ಲ ಅಂಗಳದ ಮಾವಿನ ಮರದ ಕೆಳಗೆ ಕೂತಿದ್ದರು. ಸಿಪ್ಪೆಯ ಎಣ್ಣೆ ಸುಡದಂತೆ ಕೈಗೆ ಹಚ್ಚಿದ ಬೂದಿ ಹಾಗೆಯೇ ಇತ್ತು. ಕೆಲವರು ಕಾಲು ಚಾಚಿದ್ದರು, ಒಬ್ಬರು ಇನ್ನೊಬ್ಬರ ತಲೆ ಬಾಚುತ್ತಿದ್ದರು.

"ಎಂತ ಆಯಿತು?" ಎಂದು ಕೇಳಿದೆ.

ದೊಡ್ಡ ಕುಂಕುಮದವರು ಎಲೆಯಡಿಕೆ ಉಗುಳಿ ಬಂದರು. "ಎಂತ ಆಗಲಿಲ್ಲ ಅಕ್ಕ. ಊಟಕ್ಕೆ ಎದ್ದಾಗ ಫ್ಯಾನು ನಿಲ್ಲಿಸಿದರು. ಫ್ಯಾನು ಇಲ್ಲದಿದ್ದರೆ ನಾವೂ ಇಲ್ಲ ಅಂತ ಹೇಳಿ ಕಳಿಸಿದ್ದೇವೆ. ಇಷ್ಟು ವರ್ಷ ಹೊಗೆ ಕುಡಿದೆವು, ಬೇರೆ ಗಾಳಿ ಉಂಟು ಅಂತ ಗೊತ್ತಿರಲಿಲ್ಲ. ಈಗ ಗೊತ್ತಾಯಿತಲ್ಲ."

ಒಳಗೆ ಹುರಿದ ಬೀಜ ರಾಶಿ ಬೀಳುತ್ತಿತ್ತು, ಒಡೆಯುವವರಿರಲಿಲ್ಲ. ಧಣಿ ಆಫೀಸಿನಿಂದ ಇಳಿದು ಬಂದರು. ನನ್ನನ್ನು ಕಂಡು ಅವರ ಮುಖ ಬಿಗಿಯಿತು. "ಓ, ನೀವಾ ಇವರಿಗೆ ಹೇಳಿಕೊಟ್ಟದ್ದು?"

"ನಾನು ಈಗ ಬಸ್ಸಿಳಿದು ಬಂದದ್ದು" ಎಂದೆ.

"ಹಾಗಾದರೆ ಒಳಗೆ ಹೋಗಲು ಹೇಳಿ. ನೀವು ಹೇಳಿದರೆ ಕೇಳುತ್ತಾರೆ."

"ಅವರಿಗೆ ನಾನೆಂತ ಹೇಳುವುದು? ಸ್ವಿಚ್ಚು ಹಾಕಿ, ಅವರೇ ಹೋಗುತ್ತಾರೆ."

ಇಷ್ಟು ಹೇಳಿ ಸೀರೆ ಒತ್ತರಿಸಿಕೊಂಡು ಮರದ ಕೆಳಗೆ ಆ ಹೆಂಗಸರ ನಡುವೆ ಕೂತೆ. ಒಬ್ಬರು ಸರಿದು ಜಾಗ ಕೊಟ್ಟರು. ಧಣಿ ಒಳಗೆ ರಾಶಿ ಬೀಳುತ್ತಿದ್ದ ಬೀಜದ ಕಡೆ ನೋಡಿದರು. ಆಮೇಲೆ ಒಳಗೆ ಯಾರನ್ನೋ ಕೂಗಿದರು. ಫ್ಯಾನು ಕಿರುಚಿ, ನಿಧಾನಕ್ಕೆ ವೇಗ ಹಿಡಿಯಿತು.

ಹೆಂಗಸರು ಕೂಡಲೇ ಏಳಲಿಲ್ಲ. ಶೆಡ್ಡಿನೊಳಗೆ ತುಂಬಿದ್ದ ಹೊಗೆ ಪೂರ್ತಿ ಹೋಗುವ ತನಕ ಕೂತರು. ತಲೆ ಬಾಚುವುದು ಮುಗಿಯಿತು, ಜಡೆ ಹೆಣೆದಾಯಿತು. ಧಣಿ ಬಿಸಿಲಿನಲ್ಲಿ ವಾಚು ನೋಡುತ್ತ ನಿಂತಿದ್ದರು. ಅವರನ್ನು ಯಾರೂ ನೆರಳಿಗೆ ಕರೆಯಲಿಲ್ಲ.